ಅಂಬಲಿ ಬಣ್ಣದ ಗೋಡೆ

ನಾನು ದೊರೆಸ್ವಾಮಿಯವರಿಗೆ ಎರಡನೇ ಹೆಂಡತಿಯಾಗಿ ಆ ಮನೆಯ ಹೊಸ್ತಿಲು ದಾಟಿದ ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನಡುಮನೆಯ ಹಳದಿ ಬಣ್ಣವೆಲ್ಲ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿ ಕೆಂಪು ಗಾರೆ ನೆಲದ ಮೇಲೆ ಬಿದ್ದಿದೆ. ಇವರು ಆಗಲೇ ಎದ್ದು, ಪಂಚೆ ಎತ್ತಿ ಕಟ್ಟಿ, ಪೊರಕೆ ಹಿಡಿದು ಗುಡಿಸುತ್ತಿದ್ದರು. ನನ್ನನ್ನು ಕಂಡವರೇ, "ನೀನು ಮಲಕ್ಕೋ ಹೋಗು, ನಾನು ತೆಗೀತೀನಿ" ಅಂದರು. ಅಡುಗೆಮನೆಯ ಬಾಗಿಲಲ್ಲಿ ಅವರ ಮಗಳು ಕುಸುಮ ನಿಂತಿದ್ದಳು. ಹೈಸ್ಕೂಲಿಗೆ ಹೋಗುವ ಹುಡುಗಿ. ಬಗ್ಗಿ ಒಂದು ಹಳದಿ ಚಕ್ಕೆಯನ್ನು ಎತ್ತಿಕೊಂಡಳು, ನನ್ನ ಮುಖ ನೋಡಿದಳು, ಒಳಗೆ ಹೋದಳು. ಆ ಹಳದಿಯನ್ನು ಆರಿಸಿದ್ದು ತೀರಿಕೊಂಡ ಅವಳ ತಾಯಿ ವನಜಾಕ್ಷಿ. ಹುಡುಗಿ ಎರಡು ಮಾತು ಬೈದಿದ್ದರೂ ನನಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ನಮ್ಮೂರಿನ ಗೋಡೆಗಳ ಸ್ವಭಾವವೇ ಹಾಗೆ. ಸೂರಿನಡಿ ಮಲಗಿದವರಲ್ಲಿ ಒಬ್ಬರ ಮನಸ್ಸಿಗೆ ಒಗ್ಗದಿದ್ದರೂ ಬೆಳಗಾಗುವಷ್ಟರಲ್ಲಿ ಬಣ್ಣ ನೆಲ ಕಾಣುತ್ತದೆ. ಬಾಯಲ್ಲಿ ಚೆನ್ನಾಗಿದೆ ಅಂತ ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಅದಕ್ಕೇ ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಜಾತಕ ಕೇಳುವ ಮೊದಲು ಗೋಡೆ ಮುಟ್ಟಿ ನೋಡುತ್ತಾರೆ. ನೆಂಟರು ಬಂದರೆ ಎಷ್ಟೇ ಚಳಿಯಿರಲಿ, ಜಗಲಿಯ ಮೇಲೇ ಹಾಸಿಗೆ. ಹಿಂದಿನ ಬೀದಿಯ ಒಂದು ಮನೆಯಲ್ಲಿ ಕೂಸು ಹುಟ್ಟಿದ ವಾರಕ್ಕೇ ಮನೆಯೆಲ್ಲ ಬೋಳಾಯಿತು. ಏನೇನೋ ಬಳಿದು ಸೋತು, ಕಡೆಗೆ ಗಿಳಿಹಸಿರು ಬಳಿದ ಮೇಲೆ ನಿಂತಿತು. ಆ ಮನೆಯವರು ಈಗಲೂ ಬಂದವರ ಹತ್ತಿರ, "ಮಗೀನ ಆಸೆ, ಏನ್ಮಾಡೋದು" ಅಂತ ನಾಚಿಕೊಂಡೇ ಕಾಫಿ ಕೊಡುತ್ತಾರೆ.

ಇದಕ್ಕೆ ಹಿರಿಯರು ಎರಡು ಕಟ್ಟಳೆ ಮಾಡಿಟ್ಟಿದ್ದರು. ಹೊಸ ಬಣ್ಣ ಹಿಡಿಯುವ ತನಕ ಮನೆಯವರು ಯಾರೂ ಬೇರೆ ಕಡೆ ಮಲಗಬಾರದು. ಗೋಡೆ ಬೋಳಾಗಿರುವಾಗಲೇ ಯುಗಾದಿ ಬಂದರೆ, ಆ ಮನೆಗೆ ಎಲ್ಲರಿಗಿಂತ ಕೊನೆಯಲ್ಲಿ ಬಂದವರು ಹೊರಗೆ ಹೋಗಬೇಕು. ಯಾರ ಮನಸ್ಸು ಒಪ್ಪಲಿಲ್ಲ ಅಂತ ಯಾರೂ ವಿಚಾರಿಸುವುದಿಲ್ಲ. ಕೊನೆಯಲ್ಲಿ ಬಂದವಳು ಅಂದರೆ ಸೊಸೆ ತಾನೇ. ಮತ್ತೇನು ವಿಚಾರಿಸುವುದು!

ಆ ಬಿಸಿ ನನಗೆ ಮೊದಲೇ ತಟ್ಟಿತ್ತು. ಹದಿಹರೆಯ ದಾಟುವ ಹೊತ್ತಿಗೆ ನನ್ನನ್ನು ಕೆರೆಬೀದಿಯ ಒಂದು ತುಂಬಿದ ಮನೆಗೆ ಕೊಟ್ಟಿದ್ದರು. ಆಕಾಶನೀಲಿ ಬಳಿದರು, ಬಿತ್ತು. ಗುಲಾಬಿ ಬಳಿದರು, ಬಿತ್ತು. ನನಗೋ ಎಲ್ಲ ಬಣ್ಣವೂ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಅತ್ತೆ, "ಬಾಯಲ್ಲಿ ಬೆಲ್ಲ, ಒಳಗೇನಿದೆಯೋ ಯಾರಿಗ್ಗೊತ್ತು" ಅಂದಾಗ, ನಿಜವಾಗಿಯೂ ನನ್ನೊಳಗೆ ನನಗೇ ತಿಳಿಯದ್ದು ಏನೋ ಇದೆ ಅನ್ನಿಸಿಬಿಟ್ಟಿತು. ಯುಗಾದಿಯ ದಿನ ಎಣ್ಣೆನೀರು ಹಾಕಿ, ಹೊಸ ಸೀರೆ ಉಡಿಸಿ, ಮರ್ಯಾದೆಯಾಗಿಯೇ ಕಳಿಸಿಕೊಟ್ಟರು. ಅಂದಿನಿಂದ ಅಣ್ಣನ ಮನೆಯ ಜಗಲಿಯಲ್ಲಿ ಹಪ್ಪಳ ಒತ್ತಿಕೊಂಡಿದ್ದೆ. ಒಳಗೆ ಮಲಗುವ ಧೈರ್ಯ ಮಾಡಲಿಲ್ಲ, ಅತ್ತಿಗೆಯ ಗೋಡೆಗೆ ನನ್ನಿಂದ ಏನಾದರೂ ಆದರೆ ಅಂತ ಭಯ. ಆ ಕೆರೆಬೀದಿಯ ಮನೆಯ ಗೋಡೆ ಇವತ್ತಿಗೂ ಬೋಳು, ಎಲ್ಲ ಚೆನ್ನಾಜಿಯ ಕಾಲ್ಗುಣ ಅಂತ ಊರು ಆಡಿಕೊಳ್ಳುತ್ತಿತ್ತು. ಚೆನ್ನಾಜಿ ಅಂದರೆ ನಾನೇ. ಕೇಳಿಕೊಂಡು ಸುಮ್ಮನಿದ್ದೆ, ನಂಬಿಯೂ ಇದ್ದೆ.

ಇಂಥವಳನ್ನು ದೊರೆಸ್ವಾಮಿಯವರು ಒಪ್ಪಿ ಮದುವೆಯಾದರು. ಪೇಟೆಬೀದಿಯ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ಅವರದು. ಬೆಳಗಿನಿಂದ ಸಂಜೆ ತನಕ ಸೀರೆ ಬಿಚ್ಚಿ ಹರಡಿ, "ನಿಮಗೆ ಯಾವುದು ಹಿಡಿಸ್ತೋ ಅದೇ ಚೆಂದ ಕಣಮ್ಮ" ಅಂತ ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿ. ಸಾರಿಗೆ ಉಪ್ಪು ಸಾಕಾ ಅಂದರೆ "ನಿಂಗೆ ಸರಿ ಅನ್ಸಿದ್ರೆ ಸರಿ." ಮಲ್ಲಿಗೆ ತರಲಾ ಕಾಕಡ ತರಲಾ ಅಂತ ಅವರೇ ಕೇಳುತ್ತಾರೆ, ನಿಮಗೆ ಯಾವುದು ಇಷ್ಟ ಅಂದರೆ ನಗುತ್ತಾರೆ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂದುಕೊಂಡಿದ್ದೆ ನಾನು.

ಹಳದಿ ಬಿದ್ದ ಸುದ್ದಿ ಹಾಲಿನವಳಿಗಿಂತ ಮೊದಲು ಬೀದಿ ಸುತ್ತಿತ್ತು. ಬಿಸಿಲೇರುವ ಮುಂಚೆ ಇವರ ಅಕ್ಕ ಪುಟ್ಟಗೌರಮ್ಮ ಬಂದರು. ಎರಡು ಮನೆ ಆಚೆ ಇದ್ದವರು, ತಮ್ಮನ ಸಂಸಾರದ ಯಜಮಾನಿಕೆ ಅವರದೇ. ಬೋಳು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ನನ್ ವನಜಾ" ಅಂದು ಒಮ್ಮೆ ಕಣ್ಣೊರೆಸಿಕೊಂಡು, ತಕ್ಷಣ ನನ್ನ ಕಡೆ ತಿರುಗಿದರು. "ನೋಡು ಚೆನ್ನಾಜಿ, ನಾನು ಕೆಟ್ಟೋಳಲ್ಲ. ಸತ್ತೋಳ ಬಣ್ಣ ನಿಂಗೆ ಸೇರ್ಲಿಲ್ಲ, ಸರಿ, ಯಾವ ಹೆಂಗಸಿಗೆ ಸೇರುತ್ತೆ? ಆದ್ರೆ ಯುಗಾದಿಗೆ ಇನ್ನು ಬಹಳ ದಿನ ಇಲ್ಲ. ಬೇಗ ಯಾವ್ದಾದ್ರೂ ಒಂದನ್ನ ಮನಸಲ್ಲಿ ಗಟ್ಟಿ ಮಾಡ್ಕೋ."

"ನನಗೆ ಆ ಹಳದಿ ಚೆನ್ನಾಗೇ ಕಂಡಿತ್ತು ಅತ್ತಿಗೆ" ಅಂದೆ.

"ಅದನ್ನ ಗೋಡೆಗೆ ಹೇಳವ್ವ" ಅಂದು ಹೊರಟರು.

ಬಣ್ಣದ ಹಯಾತಣ್ಣ ಬಂದ. ಊರಿನ ಅರ್ಧ ಜಗಳ ಅವನ ಹೊಟ್ಟೆಯಲ್ಲಿತ್ತು, ಒಂದನ್ನೂ ಹೊರಗೆ ಬಿಡುತ್ತಿರಲಿಲ್ಲ. ನಮ್ಮ ಮೂವರ ಮುಖ ನೋಡಿಯೇ, "ಗಾಢ ಬಣ್ಣ ಬೇಡ. ಗಾಢ ಬಣ್ಣಕ್ಕೆ ಒಬ್ರು ಯಜಮಾನ್ರು ಇರ್ತಾರೆ. ಇಂಥ ಮನೇಗೆ ಬಿಳಿಯೂ ಅಲ್ಲದ, ಬೂದಿಯೂ ಅಲ್ಲದ ಒಂದು ಬಣ್ಣ ಬರುತ್ತೆ, ಅದೇ ಸರಿ. ಆದ್ರೆ ಅದು ಬೆಚ್ಚಗಿರ್ಬೇಕು, ಅಷ್ಟೇ ಕಷ್ಟ" ಅಂದ. ಬಿಳಿ ಬೂದಿ ಬಣ್ಣದಲ್ಲಿ ಎಂಥ ಕಷ್ಟ ಅಂದುಕೊಂಡೆ. ಆಮೇಲೆ ಗೊತ್ತಾಯಿತು. ಮೊದಲು ಬಳಿದದ್ದು ಡಬ್ಬಿಯಲ್ಲಿ ಮುತ್ತಿನ ಹಾಗೆ ಕಂಡಿತ್ತು. ನಮ್ಮ ನಡುಮನೆಗೆ ಬಿಸಿಲು ನೇರ ಬೀಳುವುದಿಲ್ಲ, ಆ ನೆರಳಲ್ಲಿ ಅದು ನೀಲಿ ತಿರುಗಿ ಆಸ್ಪತ್ರೆಯ ವಾರ್ಡಿನ ಹಾಗಾಯಿತು. ಕುಸುಮ ಮೂಗು ಮುರಿದಳು. ಇವರು ಮಾತ್ರ, "ನಿಮಗಿಬ್ಬರಿಗೂ ಸರಿ ಅನ್ಸಿದ್ರೆ ನಂದೇನಿಲ್ಲ" ಅಂದರು. ಬೆಳಿಗ್ಗೆ ಪೊರಕೆಯ ಸದ್ದಿಗೆ ಎಚ್ಚರವಾಯಿತು. ಎರಡನೆಯದಕ್ಕೆ ಹಯಾತಣ್ಣ ಒಂದಿಷ್ಟು ಕಾವಿ ಬೆರೆಸಿದ. ಹಗಲು ಪರವಾಗಿರಲಿಲ್ಲ, ದೀಪ ಹಾಕಿದೊಡನೆ ಕೆಂಪು ನೆಲದ ಛಾಯೆ ಗೋಡೆಗೆ ಹತ್ತಿ, ನಾಟಕದವರು ಪೌಡರು ಮೆತ್ತಿಕೊಂಡ ಮುಖದ ಹಾಗೆ ಕಂಡಿತು. ಮತ್ತೆ ಪೊರಕೆ. ಪ್ರತಿಸಲವೂ ಎಲ್ಲರಿಗಿಂತ ಮೊದಲು ಎದ್ದು ಚಕ್ಕೆಯನ್ನೆಲ್ಲ ಗೋಣಿಚೀಲಕ್ಕೆ ತುಂಬುತ್ತಿದ್ದವರು ಇವರೇ. ಹೆಂಡತಿಗೆ ಮುಜುಗರ ಆಗದಿರಲಿ ಅಂತ ಗುಡಿಸುತ್ತಾರೆ, ಚಿನ್ನದಂಥ ಮನುಷ್ಯ, ಅಂತ ಬೀದಿಯ ಹೆಂಗಸರು ಅವರನ್ನು ಹೊಗಳಿ ನನ್ನನ್ನು ನೋಡುತ್ತಿದ್ದರು.

ಮೂರನೆಯದನ್ನು ಆರಿಸಿದ್ದು ನಾನು ಮತ್ತು ಕುಸುಮ. ಅದು ಹೇಗಾಯಿತು ಅಂದರೆ, ಹಯಾತಣ್ಣ ಗೋಡೆಯ ಮೇಲೆ ಅಂಗೈ ಅಗಲದ ತೇಪೆಗಳನ್ನು ಸಾಲಾಗಿ ಬಳಿದು, ಎಲ್ಲ ಬೆಳಕಲ್ಲೂ ನೋಡಿ ಹೇಳಿ ಅಂತ ಹೋಗಿದ್ದ. ಸ್ಕೂಲಿಂದ ಬಂದ ಹುಡುಗಿ ಚೀಲ ಇಳಿಸದೆ ಒಂದು ತೇಪೆಯ ಮುಂದೆ ನಿಂತಳು. ನಾನೂ ಅದನ್ನೇ ನೋಡುತ್ತಿದ್ದೆ. "ಇದು ಬೆಳಿಗ್ಗೆ ಹೇಗಿತ್ತು?" ಅಂತ ಕೇಳಿದಳು. ಅವಳಾಗಿ ನನ್ನೊಡನೆ ಆಡಿದ ಮೊದಲ ಮಾತು ಅದು.

"ಬೆಳಿಗ್ಗೆ ಒಂಚೂರು ಮಂಕು. ಮಧ್ಯಾಹ್ನ ಚೆನ್ನಾಗಿತ್ತು" ಅಂದೆ.

"ದೀಪ ಹಾಕಿ ನೋಡೋಣ."

ದೀಪ ಹಾಕಿದೆವು, ಆರಿಸಿದೆವು, ಕಿಟಕಿ ಮುಚ್ಚಿದೆವು, ತೆಗೆದೆವು. ಅವಳು ಹಾಸಿಗೆಯ ಬಿಳಿ ಹೊದಿಕೆ ತಂದು ಪಕ್ಕದಲ್ಲಿ ಹಿಡಿದಳು, ನಾನು ಒಲೆಯ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು ಬಂದೆ. "ನಿಮ್ಮ ಮೂಗಿಗೂ ಬೂದಿ ಆಗಿದೆ" ಅಂದು ಫಕ್ಕನೆ ನಕ್ಕಳು. ನಕ್ಕದ್ದಕ್ಕೆ ತನಗೇ ಸಂಕೋಚವಾಗಿ ಒಳಗೆ ಓಡಿದಳು. ನನಗಂತೂ ಹಬ್ಬ ಆಗಲೇ ಬಂದ ಹಾಗಿತ್ತು. ಆ ಬಣ್ಣವನ್ನೇ ಬಳಿಸಿದೆವು. ಇವರು ಅಂಗಡಿಯಿಂದ ಬಂದು ನೋಡಿ, "ಭಾಳ ಚೆನ್ನಾಗಿದೆ" ಅಂದರು. ಆ ರಾತ್ರಿ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಬೆಳಿಗ್ಗೆ ಪೊರಕೆಯ ಸದ್ದು ಕೇಳಿತು.

ನಾನು ಏಳಲೇ ಇಲ್ಲ. ಮುಸುಕು ಎಳೆದುಕೊಂಡು ಅತ್ತುಬಿಟ್ಟೆ. ಇಷ್ಟು ಇಷ್ಟಪಟ್ಟು ಆರಿಸಿದ್ದನ್ನೂ ಬೀಳಿಸುವಂಥ ಎಂಥ ಪಾಪಿ ಮನಸ್ಸು ನನ್ನದು! ಹೊರಗೆ ಕುಸುಮ ಹಯಾತಣ್ಣನ ಹತ್ತಿರ, "ಅದೇ ಬಣ್ಣ ಇನ್ನೊಂದ್ಸಲ ಬಳೀರಿ, ಬಳೀರಿ ಅಂದ್ರೆ ಬಳೀರಿ" ಅಂತ ಹಟ ಮಾಡುತ್ತಿದ್ದಳು. ಪುಟ್ಟಗೌರಮ್ಮ ಬಂದು ನನ್ನ ಪಕ್ಕ ಕೂತರು. ಈ ಸಲ ದನಿಯಲ್ಲಿ ಬಿರುಸಿರಲಿಲ್ಲ. "ನಾಡಿದ್ದೇ ಹಬ್ಬ. ನಾನೇನ್ ಹೇಳ್ಲಿ ಹೇಳು. ನಿನ್ನ ಕಂಡ್ರೆ ನಂಗೂ ಸಂಕಟ ಆಗುತ್ತೆ" ಅಂದರು. ಆಕೆ ಬೈಯದೆ ಹೋದದ್ದಕ್ಕೆ ನನಗೆ ಇನ್ನೂ ಅಳು ಬಂತು.

ಹಯಾತಣ್ಣ ಅದೇ ಬಣ್ಣವನ್ನು ಮತ್ತೆ ಬಳಿದು ಮುಗಿಸಿದ ಸಂಜೆ ನಾನು ಎರಡು ಸೀರೆ ಗಂಟು ಕಟ್ಟಿಕೊಂಡು ಹಿತ್ತಿಲ ಬಾಗಿಲಿಂದ ಹೊರಟೆ. ಹಬ್ಬದ ದಿನ ಹತ್ತು ಜನರೆದುರು ಎಣ್ಣೆನೀರು ಹಾಕಿಸಿಕೊಂಡು ಹೋಗುವುದಕ್ಕಿಂತ ಇದೇ ವಾಸಿ ಅನ್ನಿಸಿತ್ತು. ಬಣ್ಣ ಹಿಡಿಯುವ ಮೊದಲು ಹೊರಗೆ ಮಲಗುವುದು ತಪ್ಪು, ಗೊತ್ತಿತ್ತು. ಆದರೆ ನಾನಿಲ್ಲದಿದ್ದರೆ ಆ ಬಣ್ಣ ನಿಲ್ಲುತ್ತದಲ್ಲ. ಪಾಪ, ಆ ಹುಡುಗಿ ಅಷ್ಟು ಆಸೆಪಟ್ಟು ಆರಿಸಿದ್ದಾಳೆ, ಅವಳಿಗಾದರೂ ದಕ್ಕಲಿ. ಅಣ್ಣ ಏನೂ ಕೇಳದೆ ಜಗಲಿಯ ಮೇಲೆ ನನ್ನ ಹಳೆಯ ಚಾಪೆ ಹಾಸಿದ.

ಬೆಳಕು ಹರಿದು ಇನ್ನೂ ಹಾಲು ಬಂದಿರಲಿಲ್ಲ. ಕುಸುಮ ಕೆದರಿದ ಜಡೆಯಲ್ಲೇ ಬೀದಿಯುದ್ದಕ್ಕೂ ಓಡಿಬಂದಳು. ಲಂಗದ ತುಂಬ ಬಣ್ಣದ ಚಕ್ಕೆ. ನನ್ನ ಮುಂದೆ ಅಷ್ಟನ್ನೂ ಸುರಿದು ಏದುಸಿರು ಬಿಡುತ್ತ, "ನೀವು ಇರಲೇ ಇಲ್ಲ! ನೀವು ಇಲ್ಲೇ ಇದ್ರಿ, ಆದ್ರೂ ಬಿತ್ತು!" ಅಂದಳು. ಮರುಕ್ಷಣ ನನ್ನ ಪಕ್ಕ ಕುಸಿದು ಕೂತಳು. "ನಂದೂ ಅಲ್ಲ. ನಂಗೆ ನಿಜವಾಗ್ಲೂ ಇಷ್ಟ ಇತ್ತು. ಅಮ್ಮನ ಆಣೆಗೂ."

ನಾನು ಆ ಚಕ್ಕೆಗಳನ್ನು ಕೈಯಲ್ಲಿ ಹಿಡಿದು ಕೂತೆ. ನಾನಲ್ಲ. ಈ ಬಣ್ಣ ಬೀಳಿಸಿದ್ದು ನಾನಲ್ಲ. ಹಾಗಾದರೆ ಮೊದಲಿನವೂ ನಾನಲ್ಲವೇನೋ. ನಾನು ಬಿಟ್ಟು ಬಂದು ಇಷ್ಟು ವರ್ಷವಾದರೂ ಕೆರೆಬೀದಿಯ ಆ ಮನೆ ಬೋಳಾಗಿಯೇ ಇದೆಯಲ್ಲ, ಅದು ಯಾರ ಮನಸ್ಸು? ಇಡೀ ಊರಿಗೆ ಹೊಳೆಯಲಿಲ್ಲ ಅಂದರೆ ಹಾಳಾಗಲಿ, ನನಗೂ ಹೊಳೆಯಲಿಲ್ಲವಲ್ಲ! ಎಲ್ಲರೂ ಸೇರಿ ಕೆಟ್ಟದ್ದು ಅಂದ ನನ್ನ ಮನಸ್ಸನ್ನು ಕಣ್ಣುಮುಚ್ಚಿ ಕೆಟ್ಟದ್ದು ಅಂತ ನಂಬಿಕೊಂಡು, ಜಗಲಿಯ ಮೇಲೆ ಚಳಿಗೆ ಮುದುಡಿ ಮಲಗಿದ್ದೆನಲ್ಲ. ಅಳು ಬಂತು, ನಗುವೂ ಬಂತು. ಕುಸುಮ ಹೆದರಿ ನನ್ನ ಭುಜ ಹಿಡಿದುಕೊಂಡಳು. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾನಲ್ಲ, ಅವಳಲ್ಲ. ಆ ಮನೆಯಲ್ಲಿ ಮಲಗುವವರು ಇನ್ನೊಬ್ಬರೇ.

"ಅಪ್ಪಾನಾ?" ಅಂದಳು ಹುಡುಗಿ, ನಂಬಲಾರದೆ. "ಅಪ್ಪ ಯಾವತ್ತೂ ಯಾವುದನ್ನೂ ಬೇಡ ಅಂದೇ ಇಲ್ವಲ್ಲ!"

ನಾವು ಹೋದಾಗ ಇವರು ಎಂದಿನ ಹಾಗೆ ಗುಡಿಸುತ್ತಿದ್ದರು. ನಾನು ಹೋಗಿ ಕೈಯಿಂದ ಪೊರಕೆ ಕಿತ್ತುಕೊಂಡೆ. "ಎಲ್ಲಿಗೆ ಹೋಗಿದ್ದೆ? ನಾನು ರಾತ್ರಿಯೆಲ್ಲ..." ಅಂದವರು, ನನ್ನ ಮುಖ ನೋಡಿ ಮೆಲ್ಲನೆ ನೆಲದ ಮೇಲೇ ಕೂತುಕೊಂಡರು.

"ನಿಮಗೆ ಗೊತ್ತಿತ್ತಾ?" ಅಂದೆ.

ತಲೆ ಎತ್ತಲಿಲ್ಲ. "ಹಳದಿ ಬಿದ್ದ ದಿನಾನೇ ಗೊತ್ತಾಯ್ತು."

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಗುಡಿಸ್ತಾ ಕೂತಿದ್ರಲ್ರೀ! ಊರೆಲ್ಲ ನನ್ನ ಮುಖಕ್ಕೆ ಉಗೀತಾ ಇತ್ತು. ನಾಳೆ ಹಬ್ಬದ ದಿನ ನನಗೆ ಎಣ್ಣೆನೀರು ಹಾಕಿ ಕಳಿಸೋವಾಗ್ಲೂ ನಿಂಗೆ ಸರಿ ಅನ್ಸಿದ್ರೆ ಸರಿ ಅಂತಿದ್ರಾ? ಒಂದು ಮಾತು! ಬೇಡ ಅನ್ನೋ ಒಂದೇ ಒಂದು ಮಾತು ನಿಮ್ಮ ಬಾಯಲ್ಲಿ ಬರೋದಿಲ್ವಾ?" ಅಂದೆ. ಯಾರ ಮೇಲೂ ಅಷ್ಟು ಜೋರಾಗಿ ಕೂಗಿದವಳಲ್ಲ ನಾನು. ಕೂಗಿದ್ದು ಎದೆಗೆ ಹಾಯೆನಿಸಿತು.

ಅವರು ಕೆಳಗೆ ಬಿದ್ದ ಒಂದು ಚಕ್ಕೆಯನ್ನು ಎತ್ತಿಕೊಂಡು ಹೇಳಿದರು. "ವನಜಾಕ್ಷಿ ಹೋದ್ಮೇಲೆ ಆ ಹಳದೀನ ನೋಡ್ಕೊಂಡೇ ದಿನ ತಳ್ದೆ. ನೀನು ಬಂದ ಸಂಜೆ ಆ ಗೋಡೆ ಮುಂದೆ ನಿಂತು ದೀಪ ಹಚ್ಚಿದ್ಯಲ್ಲ, ನಿನ್ನ ಮುಖ ನೋಡಿ ನಂಗೆ ಖುಷಿಯಾಯ್ತು. ಖುಷಿಯಾಯ್ತಲ್ಲ ಅಂತ ನಾಚ್ಕೆ ಆಯ್ತು. ಆ ಹಳದಿ ನನ್ನನ್ನೇ ನೋಡ್ತಿದೆ ಅನ್ಸಿ ಅದನ್ನ ಕಂಡ್ರೆ ಆಗ್ಲಿಲ್ಲ. ಬೆಳಿಗ್ಗೆ ಬಿದ್ದೋಗಿತ್ತು." ಮಗಳ ಕಡೆ ತಿರುಗಿದರು. "ನಿಮ್ಮಮ್ಮನ ಬಣ್ಣಾನ ಬೀಳಿಸಿದ್ದು ನಾನು ಅಂತ ನಿಂಗೆ ಹೇಗೆ ಹೇಳ್ಲಿ ಮಗಳೇ. ಆಮೇಲಿಂದು ಎಲ್ಲಾನೂ... ಚೆನ್ನಾಗೇ ಇತ್ತು. ಆದ್ರೆ ಇಲ್ಲಿ ಯಾರೂ ಬಾಳೇ ಇಲ್ಲ ಅನ್ನೋ ಹಾಗೆ ಕಾಣ್ತಿತ್ತು."

ಕುಸುಮ ಅಳುತ್ತ ಹೋಗಿ ಅಪ್ಪನ ಪಕ್ಕ ಕೂತಳು. ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಮನಸ್ಸು ಕರಗಿತು. ಖುಷಿಪಟ್ಟದ್ದಕ್ಕೆ ಇಷ್ಟು ಹೆದರಿದ ಮನುಷ್ಯನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು. "ಈಗಾದ್ರೂ ಹೇಳಿ. ನಿಮಗೆ ಯಾವ ಬಣ್ಣ ಬೇಕು?" ಅಂದೆ.

"ನಿಮಗಿಬ್ಬರಿಗೂ ಯಾವ್ದು..."

"ಅಪ್ಪಾ!" ಅಂತ ಕುಸುಮ ಕಿರುಚಿದಳು.

ನಿಜ ಹೇಳಬೇಕೆಂದರೆ ತಮಗೇನು ಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಜನ್ಮವೆಲ್ಲ ಬೇರೆಯವರಿಗೆ ಬಣ್ಣ ತೋರಿಸಿದವರು ಅವರು. ನಾನು ಒಳಗೆ ಹೋಗಿ ಮೊದಲು ಹೊಟ್ಟೆಗೇನಾದರೂ ಆಗಲಿ ಅಂತ ರಾಗಿ ಅಂಬಲಿ ಕಾಸಿದೆ. ಬಿಸಿ ಆರಿದ ಮೇಲೆ ಮಜ್ಜಿಗೆ ಸುರಿದು ತಿರುವಿ, ಮೂರು ಲೋಟಕ್ಕೆ ಬಗ್ಗಿಸಿ ತಂದೆ. ಇವರು ಲೋಟ ಹಿಡಿದು ಕುಡಿಯದೆ ಒಳಗೇ ನೋಡುತ್ತ ಕೂತರು. ಮಜ್ಜಿಗೆ ಬಿದ್ದ ಅಂಬಲಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ಬಿಳಿ ಅನ್ನುವ ಹಾಗಿಲ್ಲ, ಬೂದಿ ಅನ್ನುವ ಹಾಗಿಲ್ಲ, ಒಳಗೆಲ್ಲೋ ರಾಗಿಯ ಕೆಂಪು ಉಳಿದುಕೊಂಡಿರುತ್ತದೆ.

"ಇದು" ಅಂದರು.

"ಯಾವ್ದು?"

"ಈ ಬಣ್ಣ. ನನಗೆ ಇದು ಬೇಕು."

ಕುಸುಮ ಲೋಟ ಕಸಿದುಕೊಂಡು ಓಡಿ ಹಯಾತಣ್ಣನನ್ನು ಕರೆತಂದಳು. ಅವನು ಲೋಟದೊಳಗೆ ಇಣುಕಿ, ಬೆರಳದ್ದಿ ಗೋಡೆಗೆ ಎಳೆದು, "ಇದನ್ನ ಮೊದ್ಲೇ ಹೇಳಿದ್ರೆ ಏನ್ ಗಂಟು ಹೋಗ್ತಿತ್ತು ದೊರೆಸ್ವಾಮಣ್ಣಾ" ಅಂತ ಬೈಯುತ್ತಲೇ ಕಲಸಲು ಕೂತ. ಬಿಳಿಗೆ ಒಂದಿಷ್ಟು ಕಾಡಿಗೆ, ಒಂದಿಷ್ಟು ಕಾವಿ, ಚಿಟಿಕೆ ಹಳದಿ. ಹಳದಿ ಹಾಕುವಾಗ ಅವನು ಇವರ ಮುಖ ನೋಡಿದ. ಇವರು "ಹಾಕಪ್ಪ, ಅದೂ ಇರ್ಲಿ. ಸ್ವಲ್ಪವೇ" ಅಂದರು. ಸಂಜೆಯೊಳಗೆ ಬಳಿದಾಯಿತು. ನಾವು ಮೂವರೂ ನಡುಮನೆಯಲ್ಲೇ ಚಾಪೆ ಹಾಸಿ ಮಲಗಿದೆವು.

ಯುಗಾದಿಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಪೊರಕೆಯ ಸದ್ದಿಗೆ.

ಕಣ್ಣು ತೆರೆಯಲು ಧೈರ್ಯ ಬರಲಿಲ್ಲ. ಮುಗಿಯಿತು ಕಥೆ ಅಂದುಕೊಂಡು ಸೀರೆಯ ಗಂಟು ಎಲ್ಲಿಟ್ಟಿದ್ದೇನೆ ಅಂತ ಯೋಚಿಸುತ್ತಿದ್ದೆ. ಆಮೇಲೆ ಸದ್ದು ದೂರದಿಂದ ಬರುತ್ತಿದೆ ಅನ್ನಿಸಿತು. ನಿಧಾನವಾಗಿ ಕಣ್ಣು ಬಿಟ್ಟೆ. ನೆಲ ಕೆಂಪಗೆ ಚೊಕ್ಕಟವಾಗಿತ್ತು. ಗೋಡೆ ನಿನ್ನೆ ಬಳಿದ ಹಾಗೇ ಮೆತ್ತಗೆ, ಬೆಚ್ಚಗೆ ನಿಂತಿತ್ತು. ಕುಸುಮ ಆಗಲೇ ಎದ್ದು ಅದಕ್ಕೆ ಕೆನ್ನೆ ಒತ್ತಿಕೊಂಡು ನಿಂತಿದ್ದಳು. "ಚಿಕ್ಕಮ್ಮಾ, ನಿಂತಿದೆ!" ಅಂದಳು. ನಾನು ಎದ್ದು ಬಾಗಿಲಿಗೆ ಓಡಿದೆ. ಇವರು ಅಂಗಳ ಗುಡಿಸುತ್ತಿದ್ದರು. ನನ್ನ ಮುಖ ನೋಡಿ ಗಾಬರಿಯಾಗಿ, "ಹಬ್ಬ ಅಲ್ವಾ, ರಂಗೋಲಿಗೆ..." ಅಂದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಾನು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಪುಟ್ಟಗೌರಮ್ಮ ಬೇವುಬೆಲ್ಲದ ಬಟ್ಟಲು ಹಿಡಿದು ಬಂದರು. ಇನ್ನೊಂದು ಕೈಯಲ್ಲಿ ನನಗೆ ಹಾಕಬೇಕಾದ ಎಣ್ಣೆಯ ಗಿಂಡಿ. ನಡುಮನೆಗೆ ಕಾಲಿಟ್ಟವರು ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದರು, ನನ್ನನ್ನು ನೋಡಿದರು, ಗಿಂಡಿಯನ್ನು ಸೆರಗಿನೊಳಗೆ ಅಡಗಿಸಿಕೊಂಡರು. "ಹೂರಣ ರುಬ್ಬಾಯ್ತಾ?" ಅಂದರು.

"ಇನ್ನೂ ಇಲ್ಲ ಅತ್ತಿಗೆ, ನಸುಕಲ್ಲೇ ಬೇಳೆ ಬೇಯಿಸೋಣ ಅಂತ ನೆನ್ನೇನೇ ನೆನೆಸಿಟ್ಟಿದ್ದೆ. ಇನ್ನು ಬೇಯಿಸಿ ರುಬ್ಬೋದಷ್ಟೇ ಬಾಕಿ" ಅಂದೆ.

ಇವರು ಪೊರಕೆಯನ್ನು ಮೂಲೆಗಿಟ್ಟು ಒಳಗೆ ಬಂದರು. ಕೆಮ್ಮಿದರು. ಅಕ್ಕನನ್ನೂ ನನ್ನನ್ನೂ ಮಗಳನ್ನೂ ಒಮ್ಮೆ ನೋಡಿದರು. "ನನಗೆ ಬೇಳೆ ಒಬ್ಬಟ್ಟು ಬೇಡ. ಕಾಯಿ ಒಬ್ಬಟ್ಟು ಬೇಕು" ಅಂದರು.

ಪುಟ್ಟಗೌರಮ್ಮ ಬೇವುಬೆಲ್ಲದ ಬಟ್ಟಲನ್ನು ಕೆಳಗಿಟ್ಟರು. "ಅಲ್ಲಯ್ಯ, ಹುಟ್ಟಿದಾಗಿಂದ ನಾನು ಬೇಳೇದೇ ಮಾಡಿ ಹಾಕಿದ್ದೀನಲ್ಲೋ! ಎರಡೆರಡು ಹಾಕಿಸ್ಕೊಂಡು ತಿಂತಿದ್ದೆ!"

"ಸೇರ್ತಿರ್ಲಿಲ್ಲ ಅಕ್ಕ" ಅಂದರು ಇವರು, ಮೆಲ್ಲಗೆ, ಆದರೆ ತಲೆ ತಗ್ಗಿಸದೆ.

ನೆನೆಸಿಟ್ಟ ಬೇಳೆಯನ್ನು ಸಾರಿಗೆ ಹಾಕಿದರಾಯಿತು ಅಂದುಕೊಂಡು ನಾನು ಅಡುಗೆಮನೆಗೆ ಹೋಗಿ, ಕುಡುಗೋಲು ಹುಡುಕಿ, ಕಾಯಿ ಒಡೆದೆ.